ತೊಟ್ಟಿಲು, ತುತ್ತು, ಕಥೆ: ಎಳೆಮಕ್ಕಳ ಮನೆಯ ದೈನಂದಿನ ಬದುಕು ಮತ್ತು ನಮ್ಮ ಜಾನಪದ ವಿಮರ್ಶೆ

1

ಕನ್ನಡದಲ್ಲಿ ಜನಪದ ಗೀತೆಗಳ ಸಂಗ್ರಹಕಾರ್ಯಕ್ಕೆ ದೀರ್ಘವಾದ ಇತಿಹಾಸವಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಅಂದಿನಿಂದ ಇಂದಿನವರೆಗೆ ಹೆಂಗಸರ ಹಾಡುಗಳು ನಮ್ಮ ಸಾಹಿತ್ಯಚರ್ಚೆಯಲ್ಲಿ ಗೌರವದ ಸ್ಥಾನವನ್ನು ಪಡೆದಿವೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್, ಮತಿಘಟ್ಟ ಕೃಷ್ಣಮೂರ್ತಿ ಮೊದಲಾದವರ ಸಂಗ್ರಹಗಳು, ವಿಶ್ವವಿದ್ಯಾನಿಲಯಗಳ ಜಾನಪದ ವಿಭಾಗಗಳಲ್ಲಿ ಸಿದ್ಧವಾದ ಪ್ರಬಂಧಗಳು ಈ ಹಾಡುಗಳನ್ನು ವಸ್ತುವಿಗೆ ಅನುಗುಣವಾಗಿ ವಿಂಗಡಿಸಿಕೊಟ್ಟಿವೆ. ತವರುಮನೆ, ಅಣ್ಣ-ತಂಗಿ, ಅತ್ತೆ-ಸೊಸೆ, ಗಂಡ-ಹೆಂಡತಿ, ಕೂಸು ಎಂಬ ವಿಭಾಗಗಳು ನಮ್ಮ ಸಂಶೋಧಕರಿಗೆ ಎಷ್ಟು ರೂಢಿಯಾಗಿವೆಯೆಂದರೆ, ಅವು ಹಾಡುವವರ ವಿಂಗಡಣೆಯೋ ಸಂಪಾದಕರ ವಿಂಗಡಣೆಯೋ ಎಂಬ ಪ್ರಶ್ನೆಯನ್ನೇ ನಾವು ಮರೆತಿದ್ದೇವೆ.

ಎಳೆಯ ಮಕ್ಕಳಿರುವ ಮನೆಯ ದೈನಂದಿನ ಬದುಕಿಗೆ ಸಂಬಂಧಿಸಿದ ಜನಪದ ಸಾಹಿತ್ಯವನ್ನು ನಾವು ಹೇಗೆ ಓದುತ್ತ ಬಂದಿದ್ದೇವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜೋಗುಳ, ತುತ್ತು ಉಣಿಸುವಾಗಿನ ಮಾತು, ಬೆರಳಾಟ, ಗುಮ್ಮನ ಬೆದರಿಕೆ, ಅಜ್ಜಿಯ ಕಥೆ ಇವೆಲ್ಲ ಒಂದೇ ಮನೆಯಲ್ಲಿ, ಒಂದೇ ದಿನದಲ್ಲಿ, ಬಹುಮಟ್ಟಿಗೆ ಒಬ್ಬಳೇ ಹೆಂಗಸಿನ ಬಾಯಿಂದ ಹೊರಡುವಂಥವು. ನಮ್ಮ ಅಧ್ಯಯನಗಳಲ್ಲಿ ಮಾತ್ರ ಇವು ಗೀತಪ್ರಕಾರ, ಶಿಶುಪ್ರಾಸ, ನಂಬಿಕೆ, ಕಥನಪ್ರಕಾರ ಎಂಬ ಬೇರೆಬೇರೆ ಅಧ್ಯಾಯಗಳಲ್ಲಿ ಹಂಚಿಹೋಗಿವೆ. ಹೀಗೆ ಹಂಚಿಹೋದಾಗ ಕಳೆದುಹೋದದ್ದು ದಿನವೆಂಬ ಘಟಕ. ಅದರೊಡನೆ ಆ ದಿನವನ್ನು ನಡೆಸುವವಳ ದುಡಿಮೆಯೂ ಕಳೆದುಹೋಯಿತು. ಮಾತೃವಾತ್ಸಲ್ಯ ಎಂಬ ಒಂದೇ ಪದದಿಂದ ಈ ಸಾಹಿತ್ಯವನ್ನೆಲ್ಲ ವಿವರಿಸಿಬಿಡುವ ರೂಢಿಯು ಆ ದುಡಿಮೆಯನ್ನು ಮರೆಮಾಡಿದೆ ಎಂಬುದು ಇಲ್ಲಿಯ ಪ್ರತಿಪಾದನೆ.

2

ಈ ಪ್ರತಿಪಾದನೆಗೆ ಹಿನ್ನೆಲೆಯಾದ ಕ್ಷೇತ್ರಕಾರ್ಯದ ಅನುಭವವೊಂದನ್ನು ಹೇಳಬೇಕಾಗಿದೆ. ಡಾಕ್ಟರೇಟ್ ಅಧ್ಯಯನಕ್ಕಾಗಿ ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ತ್ರಿಪದಿಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾಗ, ನೂರಾರು ಪದಗಳನ್ನು ಬಲ್ಲ ಹಿರಿಯ ಹೆಂಗಸೊಬ್ಬರನ್ನು ಜೋಗುಳ ಹಾಡಬೇಕೆಂದು ಕೇಳಿಕೊಂಡೆ. ಬೀಸುವ ಪದಗಳನ್ನು ತಡೆಯಿಲ್ಲದೆ ಹಾಡಿದ್ದ ಅವರು ಇಲ್ಲಿ ತಡವರಿಸಿದರು. “ಕೂಸು ಇಲ್ಲದ ಜೋಗುಳ ಹ್ಯಾಂಗ ಬರತೈತಿ ತಂಗಿ?” ಎಂದು ನನ್ನನ್ನೇ ಕೇಳಿದರು. ನೆರೆಮನೆಯಿಂದ ಕೂಸೊಂದನ್ನು ತಂದು ಕಾಲ ಮೇಲೆ ಹಾಕಿಕೊಂಡ ಮೇಲೆ ಹಾಡು ಬಂದಿತು. ಆದರೆ ಅದು ನಾನು ಬಯಸಿದ ಹಾಗೆ ಬರಲಿಲ್ಲ. ಎರಡು ಪದಗಳ ನಡುವೆ ಸೊಸೆಗೆ ಹಾಲು ಉಕ್ಕೀತೆಂಬ ಎಚ್ಚರಿಕೆ, ಬಾಗಿಲಿಗೆ ಬಂದ ನಾಯಿಗೆ ಗದರಿಕೆ, ಕೂಸಿಗೆ ಒಂದು ಬೈಗುಳ, ಮತ್ತೆ ಪದ. ಕೂಸು ಕಣ್ಣು ಮುಚ್ಚಿದೊಡನೆ, ಪದ ಅರ್ಧದಲ್ಲಿರುವಾಗಲೇ ಅವರು ಹಾಡು ನಿಲ್ಲಿಸಿದರು. ಪೂರ್ತಿ ಮಾಡಿರೆಂದು ನಾನು ಕೇಳಿಕೊಂಡಾಗ ಬೆರಳನ್ನು ತುಟಿಯ ಮೇಲಿಟ್ಟರು.

ನನ್ನ ಪ್ರಬಂಧದ ಅನುಬಂಧದಲ್ಲಿ ಈ ಹಾಡು ಅಚ್ಚಾಗಿದೆ. ಹಾಲು, ನಾಯಿ, ಬೈಗುಳ ಅಲ್ಲಿಲ್ಲ. ಅರ್ಧಕ್ಕೆ ನಿಂತ ಪದವನ್ನು ಮರುದಿನ ಕೇಳಿ ತುಂಬಿಸಿಕೊಂಡಿದ್ದೆ. ಪಠ್ಯಶುದ್ಧಿ ಎಂದು ನಾನು ತಿಳಿದದ್ದು ವಾಸ್ತವವಾಗಿ ಪಠ್ಯದ ಅಂಗಭಂಗವಾಗಿತ್ತು ಎಂಬುದು ಹೊಳೆದದ್ದು ಬಹಳ ತಡವಾಗಿ, ನಾನೇ ತಾಯಿಯಾಗಿ, ಹಾಡುತ್ತ ಹಾಡುತ್ತ ಮತ್ತೊಂದು ಕೆಲಸದ ಕಡೆಗೆ ಕಿವಿಯಿಡುವುದನ್ನು ಕಲಿತ ಮೇಲೆ. ಆದ್ದರಿಂದ ಈ ಲೇಖನದ ಆಕ್ಷೇಪಗಳು ಹಿರಿಯರ ಮೇಲೆ ಮಾತ್ರ ಹೊರಿಸಿದವಲ್ಲ. ಮೊದಲ ಆರೋಪಿ ನಾನೇ.

ಜೋಗುಳದ ರಚನೆಯೇ ಅದರ ದುಡಿಮೆಯ ಸ್ವರೂಪವನ್ನು ಹೇಳುತ್ತದೆ. ಕನ್ನಡದ ಬಹುಪಾಲು ಜೋಗುಳಗಳೂ ಬೀಸುವ ಪದಗಳೂ ತ್ರಿಪದಿಯಲ್ಲಿಯೇ ಇವೆ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಕಾಣಿಸಿಕೊಳ್ಳುವ ಈ ಮಟ್ಟು ಅಂಶಗಣದ್ದು. ಅಂಶಗಣದಲ್ಲಿ ಅಕ್ಷರವನ್ನು ಹಾಡುವವರು ತಮ್ಮ ಅನುಕೂಲಕ್ಕೆ ತಕ್ಕಂತೆ ಎಳೆಯಬಹುದು, ಅದುಮಬಹುದು. ಹಾಡುವಾಗ ಎರಡನೆಯ ಸಾಲಿನ ಮೊದಲ ಭಾಗ ಮರುಕಳಿಸುವ ರೂಢಿಯೂ ಉಂಟು. ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳಲು, ಉಸಿರು ತೆಗೆದುಕೊಳ್ಳಲು ಅದು ಎಡೆಮಾಡಿಕೊಡುತ್ತದೆ. ಬೀಸುವ ಕಲ್ಲಿನ ಸುತ್ತಿಗೂ ತೊಟ್ಟಿಲಿನ ತೂಗಿಗೂ ಒಂದೇ ಮಟ್ಟು ಒದಗುವುದು ಆಕಸ್ಮಿಕವಲ್ಲ. ಎರಡೂ ಕೈಯ ಕೆಲಸಗಳು. ಎರಡರಲ್ಲಿಯೂ ಕೈ ಒಂದೇ ಚಲನೆಯನ್ನು ಬೇಸರವಿಲ್ಲದೆ ನೂರಾರು ಬಾರಿ ಮಾಡಬೇಕು. ಒಂದೊಂದು ತ್ರಿಪದಿಯೂ ಸ್ವತಂತ್ರವಾಗಿರುವುದರಿಂದ ಯಾವ ಪದಕ್ಕೆ ನಿಲ್ಲಿಸಿದರೂ ಹಾಡಿಗೆ ಕೊರತೆಯಿಲ್ಲ. ಎಷ್ಟು ಮುಂದುವರಿಸಿದರೂ ಅತಿಯಿಲ್ಲ. ಹಿಟ್ಟು ಮುಗಿದಾಗ ಬೀಸುವ ಪದ ನಿಲ್ಲುತ್ತದೆ, ನಿದ್ದೆ ಬಂದಾಗ ಜೋಗುಳ ನಿಲ್ಲುತ್ತದೆ. ಹಾಡಿನ ಉದ್ದವನ್ನು ನಿರ್ಣಯಿಸುವುದು ಕವಿಯ ಇಚ್ಛೆಗಿಂತ ಕೆಲಸದ ಗತಿ.

ಇಷ್ಟಾದರೂ ನಮ್ಮ ವರ್ಗೀಕರಣಗಳಲ್ಲಿ ಬೀಸುವ, ಕುಟ್ಟುವ ಹಾಡುಗಳು ಶ್ರಮಗೀತೆಗಳೆನಿಸಿದರೆ, ಜೋಗುಳವು ಸಾಮಾನ್ಯವಾಗಿ ವಾತ್ಸಲ್ಯಗೀತೆ ಅಥವಾ ಸಂಸ್ಕಾರಗೀತೆ ಎನಿಸಿಕೊಳ್ಳುತ್ತದೆ. ಹಿಟ್ಟು ಕಣ್ಣಿಗೆ ಕಾಣುವ ಫಲ. ಮಲಗಿದ ಕೂಸು ಹಾಗಲ್ಲ. ಕೂಸನ್ನು ಮಲಗಿಸುವುದು ಹೆಚ್ಚಿನ ವೇಳೆ ಇನ್ನೊಂದು ಕೆಲಸಕ್ಕೆ ಕೈ ಬಿಡಿಸಿಕೊಳ್ಳುವ ಉಪಾಯ. ಹೊಲದ ಬದುವಿನ ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಕಳೆ ತೆಗೆಯಲು ಬಾಗುವವಳ ಹಾಡಿನಲ್ಲಿ ವಾತ್ಸಲ್ಯವಿಲ್ಲವೆಂದಲ್ಲ. ಆದರೆ ಅಲ್ಲಿ ಅವಸರವೂ ಇದೆ. ಈ ಅವಸರವನ್ನು ಬಿಟ್ಟು ವಾತ್ಸಲ್ಯವನ್ನಷ್ಟೇ ಓದುವುದು ಅರ್ಧ ಓದು.

3

ಇನ್ನು ದಿನದ ಉಳಿದ ಭಾಗಕ್ಕೆ ಬರೋಣ. ಕೂಸಿಗೆ ಎರೆಯುವುದು ನಮ್ಮ ಮನೆಗಳಲ್ಲಿ ಒಂದು ವಿದ್ಯೆ. ಹಿರಿಯ ಹೆಂಗಸು ಮಣೆಯ ಮೇಲೆ ಕುಳಿತು ಎರಡೂ ಕಾಲುಗಳನ್ನು ನೀಡಿ, ಅವುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ನೆತ್ತಿಗೆ, ಮೈಗೆ ಎಣ್ಣೆ ತೀಡಿ, ಕೈಕಾಲುಗಳನ್ನು ಅಡ್ಡಡ್ಡ ಮಡಚಿ ನೀವಿ, ಹಂಡೆಯ ಬಿಸಿನೀರನ್ನು ಹದಮಾಡಿ ಹೊಯ್ಯುತ್ತಾಳೆ. ಬಳಿಕ ಸಾಂಬ್ರಾಣಿಯ ಹೊಗೆ, ಕೆನ್ನೆಗೆ ಕಾಡಿಗೆಯ ಬೊಟ್ಟು, ನೆಟಿಗೆ ಮುರಿದು ದೃಷ್ಟಿ ನಿವಾಳಿಸುವುದು. ಈ ಪ್ರತಿಯೊಂದು ಹಂತಕ್ಕೂ ಮಾತಿದೆ: ಮೂಗು ನೀವುವಾಗ ಮೂಗಿನ ಹೊಗಳಿಕೆ, ಕಾಲು ನೀವುವಾಗ ಆ ಕಾಲು ಮುಂದೆ ನಡೆಯಲಿರುವ ದಾರಿಯ ಹಾರೈಕೆ, ನೀರು ಹೊಯ್ಯುವಾಗ ಅಳುವನ್ನು ಮೀರಿಸುವ ಗಟ್ಟಿಯಾದ ಲಯದ ಮಾತು. ಇದು ಪೂರ್ತಿ ಹಾಡೂ ಅಲ್ಲ, ಗಾದೆಯೂ ಅಲ್ಲ; ಆದ್ದರಿಂದ ಯಾವ ಅಧ್ಯಾಯದಲ್ಲಿಯೂ ಸೇರದೆ ಹೊರಗುಳಿದಿದೆ. ದೃಷ್ಟಿಯ ಉಪ್ಪು-ಮೆಣಸಿನಕಾಯಿಯನ್ನು ನಂಬಿಕೆಗಳ ಪಟ್ಟಿಯಲ್ಲಿ ನಾವು ಸೇರಿಸಿದ್ದೇವೆ. ಆದರೆ ಅದು ಬಹಳಷ್ಟು ಸಲ ಬಳಕೆಗೆ ಬರುವುದು ಕಾರಣ ತಿಳಿಯದೆ ಕೂಸು ಅಳುತ್ತಲೇ ಇರುವ ಸಂಜೆಗಳಲ್ಲಿ, ಮನೆಮಂದಿಯೆಲ್ಲ ಸೋತಾಗ ಎಂಬ ಸಂದರ್ಭವನ್ನು ದಾಖಲಿಸಿಲ್ಲ. ಅಲ್ಲಿ ದೃಷ್ಟಿ ತೆಗೆಯುವ ಕ್ರಿಯೆ ಕೂಸಿಗಿಂತ ಮೊದಲು ತಾಯಿಯನ್ನು ಸಮಾಧಾನಗೊಳಿಸುತ್ತದೆ: ತಪ್ಪು ನಿನ್ನದಲ್ಲ, ಯಾರದೋ ಕಣ್ಣಿನದು ಎಂದು ಹೇಳುತ್ತದೆ.

ತುತ್ತು ಉಣಿಸುವಿಕೆಯೂ ಹೀಗೆಯೇ. ಮಮ್ಮು, ಬುವ್ವ, ತಾಚಿ ಎಂಬ ಮಕ್ಕಳ ನುಡಿಯ ಪದಗಳನ್ನು ಮಕ್ಕಳು ಹುಟ್ಟಿಸಿದವೆಂದು ಭಾವಿಸುವುದುಂಟು. ವಾಸ್ತವದಲ್ಲಿ ಇವು ದೊಡ್ಡವರು ಪರಂಪರೆಯಿಂದ ಪಡೆದು ಮಕ್ಕಳಿಗೆ ದಾಟಿಸುವ ಪದಗಳು. ಮಗು ಬೆಳೆದಂತೆ ಅವುಗಳನ್ನು ಬಿಡುತ್ತದೆ, ತಾನು ತಾಯಿಯೋ ತಂದೆಯೋ ಆದಾಗ ಮತ್ತೆ ಕೈಗೆತ್ತಿಕೊಳ್ಳುತ್ತದೆ. ಬದುಕಿನಲ್ಲಿ ಎರಡು ಬಾರಿ ಮಾತ್ರ ಬಳಕೆಯಾಗುವ ಇಂತಹ ಪದಕೋಶ ನಮ್ಮ ಭಾಷೆಯಲ್ಲಿ ಮತ್ತೊಂದಿಲ್ಲವೆಂದೇ ತೋರುತ್ತದೆ.

ಮಗು, ಕೂಸು, ಶಿಶು ಎಂಬ ಪದಗಳು ಕನ್ನಡದಲ್ಲಿ ನಪುಂಸಕಲಿಂಗದವು ಎಂಬುದೂ ಇಲ್ಲಿ ಗಮನಾರ್ಹ. ಮಗು ಅಳುತ್ತದೆ, ಕೂಸು ಮಲಗಿತು ಎನ್ನುತ್ತೇವೆ. ಗಂಡುಮಗು ಬೆಳೆದು ‘ಅವನು’ ಆಗುತ್ತಾನೆ. ಆದರೆ ಉತ್ತರ ಕರ್ನಾಟಕದ ಆಡುನುಡಿಯಲ್ಲಿ, ಹವ್ಯಕರ ಮಾತಿನಲ್ಲಿ ಹೆಣ್ಣಿಗೆ ಬಹುಕಾಲ ‘ಅದು’ ಎಂಬ ಸರ್ವನಾಮವೇ ಸಲ್ಲುತ್ತದೆ. ಇದರಲ್ಲಿ ತಿರಸ್ಕಾರವೇ ಇದೆಯೆಂದು ಆತುರದಿಂದ ಹೇಳಲಾಗದು; ಸಲಿಗೆಯೂ ಇದೆ. ಆದರೂ ಮನೆಯೊಳಗಿನ ವ್ಯಾಕರಣದಲ್ಲಿ ಹೆಣ್ಣು ಕೂಸಿನ ಪಕ್ಕದಲ್ಲಿಯೇ ನಿಲ್ಲುತ್ತದೆಂಬುದು ಈ ಚರ್ಚೆಗೆ ಹೊರತಾದುದಲ್ಲ. ಏಳೆಂಟು ವರ್ಷದ ಹುಡುಗಿ ತಮ್ಮನನ್ನು ಟೊಂಕದ ಮೇಲೆ ಹೊತ್ತು ಓಣಿ ತಿರುಗುವ ನೋಟ ಹಳ್ಳಿಗಾಡಿನಲ್ಲಿ ಎಲ್ಲರೂ ಕಂಡದ್ದೇ. ಜೋಗುಳ ಹಾಡಿದವರಲ್ಲಿ ಇಂತಹ ಅಕ್ಕಂದಿರಿದ್ದರು, ಅನ್ನಕ್ಕಾಗಿ ಪರರ ಮನೆಯ ಕೂಸನ್ನು ಎತ್ತಿಕೊಳ್ಳುತ್ತಿದ್ದ ಹುಡುಗಿಯರೂ ಇದ್ದರು. ಸಂಗ್ರಹದ ಶೀರ್ಷಿಕೆಯಲ್ಲಿ ಇವರೆಲ್ಲರೂ ‘ತಾಯಿ’ಯೆಂಬ ಒಂದೇ ಹೆಸರಿನಲ್ಲಿ ಕರಗಿಹೋದರು. ಗಂಡಸರ ಪಾಲು ಇರಲೇ ಇಲ್ಲವೆನ್ನಲಾಗದು. ಉಪ್ಪಿನ ಮೂಟೆಯಾಟ, ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸುವುದು, ಕಾಲ ಮೇಲೆ ಕೂರಿಸಿ ಜೀಕುವುದು ಅಜ್ಜ, ಅಪ್ಪ, ಸೋದರಮಾವಂದಿರ ಹಕ್ಕುಗಳು. ಅವು ಬಿಡುವಿನ ವೇಳೆಯ ಆಟಗಳು. ಬೇಡವಾದಾಗ ಕೂಸನ್ನು ಒಳಗೆ ಕೊಟ್ಟುಬಿಡಬಹುದು. ಒಳಗಿದ್ದವಳಿಗೆ ಕೊಡಲು ಇನ್ನೊಂದು ಒಳಗಿಲ್ಲ.

ಗುಮ್ಮನ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಉಣ್ಣದ, ಮಲಗದ ಮಗುವಿಗೆ ಗುಮ್ಮನನ್ನು ತೋರಿಸುವುದು ಎಷ್ಟು ಹಳೆಯದೆಂದರೆ, ಗುಮ್ಮನಿಗೆ ಅಂಜಿದ ಬಾಲಕೃಷ್ಣನು ತಾಯಿಗೆ ಒಳ್ಳೆಯ ನಡತೆಯ ಮಾತು ಕೊಡುವುದನ್ನು ಪುರಂದರದಾಸರೇ ಕೀರ್ತನೆಯಾಗಿಸಿದ್ದಾರೆ. ಜಗತ್ತನ್ನೇ ಹೆದರಿಸಬಲ್ಲವನು ಮನೆಯೊಳಗೆ ಗುಮ್ಮನಿಗೆ ಹೆದರುತ್ತಾನೆಂಬ ಭಕ್ತಿಯ ವಿನೋದವನ್ನು ವಿಮರ್ಶಕರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಆ ವಿನೋದ ಕೇಳುಗರಿಗೆ ತಲುಪುವುದು, ಪ್ರತಿಯೊಬ್ಬ ಕೇಳುಗನ ಮನೆಯಲ್ಲಿಯೂ ದಣಿದ ತಾಯಿಯೊಬ್ಬಳು ಗುಮ್ಮನನ್ನು ಕರೆದಿರುವುದರಿಂದ. ಗುಮ್ಮನಿಗೆ ರೂಪವಿಲ್ಲ, ಕಥೆಯಿಲ್ಲ. ತಾಯಿಯ ಸಹನೆ ಮುಗಿದ ಎಡೆಯಲ್ಲಿ ಅವನು ಹುಟ್ಟುತ್ತಾನೆ. ವಾತ್ಸಲ್ಯವೊಂದನ್ನೇ ಅಳತೆಗೋಲಾಗಿಸಿಕೊಂಡ ವಿಮರ್ಶೆಗೆ ಈ ಸಹನೆಯ ಮಿತಿ ಕಾಣಿಸುವುದಿಲ್ಲ.

4

ಮನೆಯೊಳಗಿನ ಕಥನವನ್ನು ಕುರಿತು ಗಂಭೀರವಾಗಿ ಚಿಂತಿಸಿದವರಲ್ಲಿ ಎ.ಕೆ. ರಾಮಾನುಜನ್ (1929–1993) ಮುಖ್ಯರು. ತಮಿಳು ಕಾವ್ಯಮೀಮಾಂಸೆಯ ಅಗಂ-ಪುರಂ ಎಂಬ ಪರಿಕಲ್ಪನೆಗಳನ್ನು ಜನಪದ ಕಥೆಗಳಿಗೆ ಅನ್ವಯಿಸಿ, ಅಡುಗೆಮನೆಯಲ್ಲಿ ಮಕ್ಕಳಿಗೆ ಉಣಿಸುತ್ತ ಹೇಳುವ ಕಥೆಗಳಿಗೂ ಹೊರಗೆ ವೃತ್ತಿಗಾಯಕರು ಹಾಡುವ ಕಥನಗಳಿಗೂ ಇರುವ ವ್ಯತ್ಯಾಸವನ್ನು ಅವರು ತೋರಿಸಿಕೊಟ್ಟರು. ಒಳಗಿನ ಕಥೆಗಳಲ್ಲಿ ಪಾತ್ರಗಳಿಗೆ ಹೆಸರಿರುವುದು ಅಪರೂಪ. ಒಬ್ಬ ರಾಜ, ಒಬ್ಬ ಮುದುಕಿ, ಕಿರಿಯ ಸೊಸೆ ಎಂದರೆ ಸಾಕು. ಅವರು ಸಂಗ್ರಹಿಸಿದ ಕನ್ನಡ ಕಥೆಗಳ ಇಂಗ್ಲಿಷ್ ಸಂಕಲನ ‘ಎ ಫ್ಲವರಿಂಗ್ ಟ್ರೀ’ ಅವರ ನಿಧನಾನಂತರ 1997ರಲ್ಲಿ ಪ್ರಕಟವಾಯಿತು. ಕಥೆಯೊಂದನ್ನೂ ಹಾಡೊಂದನ್ನೂ ಬಲ್ಲ ಹೆಂಗಸು ಅವುಗಳನ್ನು ಯಾರಿಗೂ ಹೇಳದೆ ಇಟ್ಟುಕೊಂಡಾಗ, ಅವು ಬೇಸತ್ತು ಅವಳಿಂದ ತಪ್ಪಿಸಿಕೊಂಡು, ಜೋಡು ಮತ್ತು ಅಂಗಿಯಾಗಿ ಮಾರ್ಪಟ್ಟು, ಮನೆಗೆ ಪರಪುರುಷ ಬಂದನೆಂಬ ಸಂಶಯವನ್ನು ಗಂಡನಲ್ಲಿ ಹುಟ್ಟಿಸುವ ಕಥೆ ಅದರಲ್ಲಿದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಚೌಕಟ್ಟಿಗೂ ರಾಮಾನುಜನ್ ಅವರಿಂದ ಕೇಳಿದ ಈ ಬಗೆಯ ಕಥೆಯೇ ಮೂಲ.

ಕಥೆಗೆ ಹೇಳಲ್ಪಡುವ ಹಕ್ಕಿದೆ, ಹೇಳದಿದ್ದರೆ ಅದು ಸೇಡು ತೀರಿಸಿಕೊಳ್ಳುತ್ತದೆ ಎಂಬ ಈ ಕಥೆಯ ವ್ಯಾಖ್ಯಾನ ಪ್ರಸಿದ್ಧವಾಗಿದೆ. ಇದನ್ನು ಒಪ್ಪಿಕೊಂಡೂ ಒಂದು ಪ್ರಶ್ನೆಯನ್ನು ಕೇಳಬಹುದು: ಆ ಹೆಂಗಸು ಏಕೆ ಹೇಳಲಿಲ್ಲ? ಲೋಭದಿಂದ ಇರಬಹುದು. ಕೇಳುವವರಿಲ್ಲದಿದ್ದರಿಂದಲೂ ಇರಬಹುದು. ದಿನವಿಡೀ ಮನೆಗೆಲಸದಲ್ಲಿರುವ ಹೆಂಗಸಿಗೆ ದೊಡ್ಡವರ ನಡುವೆ ಮಾತಾಡುವ ಅವಕಾಶ ಕಡಿಮೆ. ತುತ್ತಿಗೆ ಬಾಯಿ ತೆರೆದು ಕುಳಿತ ಮಗು ಅವಳಿಗೆ ತಾನಾಗಿ ದೊರೆಯುವ ಸಭೆ. ಅತ್ತೆಯ ಕ್ರೌರ್ಯ, ಗಂಡನ ಅಲಕ್ಷ್ಯ, ಕಿರಿಯ ಸೊಸೆಯ ಜಾಣ್ಮೆ ಇವುಗಳ ಕಥೆಗಳನ್ನು ನಾಲ್ಕು ವರ್ಷದ ಮಗುವಿಗೆ ಹೇಳುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಕೇಳುವುದು ಮಗುವಾದರೂ, ಪಾತ್ರೆ ಬೆಳಗುತ್ತಿರುವ ಸೊಸೆಗೂ ಜಗಲಿಯ ಮೇಲಿನ ಅತ್ತೆಗೂ ಕಥೆ ಕೇಳಿಸುತ್ತದೆ. ಪಾತ್ರಗಳಿಗೆ ಹೆಸರಿಲ್ಲದಿರುವುದರಿಂದ ಯಾರೂ ಆಕ್ಷೇಪಿಸುವಂತಿಲ್ಲ. ಮಗುವನ್ನು ಮುಂದಿಟ್ಟುಕೊಂಡು ಮನೆಯೊಡನೆ ಮಾತಾಡುವ ಈ ಕ್ರಮವನ್ನು ನಾವು ‘ಮಕ್ಕಳ ಕಥೆ’ ಎಂದು ಕರೆದು ಕಿರಿದಾಗಿಸಿದ್ದೇವೆ.

5

ಇದೇ ದೃಷ್ಟಿಯಿಂದ ನಾಡಿನ ಮಕ್ಕಳೆಲ್ಲರೂ ಬಲ್ಲ ‘ಗೋವಿನ ಹಾಡ’ನ್ನು ಮತ್ತೆ ಓದಬಹುದು. ಪಠ್ಯಪುಸ್ತಕಗಳು ಇದನ್ನು ಸತ್ಯವಾಕ್ಯದ ಪಾಠವಾಗಿ ಕಲಿಸಿವೆ. ಹುಲಿಗೆ ಕೊಟ್ಟ ಮಾತಿನಂತೆ ಪುಣ್ಯಕೋಟಿ ಹಿಂತಿರುಗುತ್ತಾಳೆ. ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಆದರೆ ಅವಳು ಕಾಲಾವಕಾಶ ಕೇಳಿದ್ದು ಯಾವುದಕ್ಕೆ? ಹಸಿದ ಕರುವಿಗೆ ಹಾಲೂಡುವುದಕ್ಕೆ. ಕಾಡಿನಿಂದ ದೊಡ್ಡಿಗೆ, ದೊಡ್ಡಿಯಿಂದ ಕಾಡಿಗೆ ಎರಡು ಪಯಣಗಳ ನಡುವೆ ಅವಳು ಮಾಡುವ ಕೆಲಸಗಳು ಮೂರು: ಉಣಿಸುತ್ತಾಳೆ, ಬುದ್ಧಿ ಹೇಳುತ್ತಾಳೆ, ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುತ್ತಾಳೆ. ಕೇಳುವ ಮಕ್ಕಳ ಕಣ್ಣು ತುಂಬುವುದು ಹುಲಿಯ ಸಾವಿನಲ್ಲಿ ಅಲ್ಲ, ತಾಯಿಯಿಲ್ಲದೆ ತಾನು ಹೇಗಿರಲೆಂದು ಕರು ಕೇಳುವಲ್ಲಿ. ಎಳೆಮಗುವಿರುವ ಹೆಂಗಸಿಗೆ ಸಾಯುವುದಕ್ಕೂ ಬಿಡುವಿಲ್ಲ. ಸಾಯುವ ಮುನ್ನ ಕೂಸನ್ನು ಯಾರ ಮಡಿಲಿಗೆ ಹಾಕಬೇಕೆಂಬುದನ್ನು ಅವಳೇ ಗೊತ್ತುಮಾಡಬೇಕು. ಹಾಡಿನ ಸತ್ಯ ಎರಡು ಕಡೆಗೆ ಕೊಟ್ಟ ಮಾತಿನ ಸತ್ಯ: ಒಂದು ಹುಲಿಗೆ, ಇನ್ನೊಂದು ಕರುವಿಗೆ. ಮೊದಲನೆಯದನ್ನು ಮಾತ್ರ ನಾವು ಪರೀಕ್ಷೆಯಲ್ಲಿ ಕೇಳುತ್ತ ಬಂದೆವು.

6

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅವಶ್ಯಕ. ಹಳೆಯ ಮನೆಯನ್ನು ಹಾಡಿ ಹೊಗಳುವುದು ಈ ಲೇಖನದ ಆಶಯವಲ್ಲ. ಅವಿಭಕ್ತ ಕುಟುಂಬದಲ್ಲಿ ಕೂಸಿಗೆ ಹತ್ತು ಕೈಗಳಿದ್ದುವೆಂಬುದು ನಿಜ. ಆ ಹತ್ತು ಕೈಗಳಲ್ಲಿ ರಾತ್ರಿಯ ಹೊತ್ತು ಎಚ್ಚರವಿರುತ್ತಿದ್ದುದು ಬಹುಪಾಲು ಎರಡೇ ಎಂಬುದೂ ನಿಜ. ಮಕ್ಕಳಿಂದ ತುಂಬಿದ ಮನೆಯನ್ನು ಕೊಂಡಾಡುವ ತ್ರಿಪದಿಗಳ ಪಕ್ಕದಲ್ಲಿಯೇ ಬಂಜೆಯೆನಿಸಿಕೊಂಡವಳ ದುಃಖದ ತ್ರಿಪದಿಗಳಿವೆ. ಒಂದರ ಬೆಳಕೇ ಇನ್ನೊಂದರ ನೆರಳು. ಇವೆರಡನ್ನು ಬೇರೆಬೇರೆ ವಿಭಾಗಗಳಲ್ಲಿಟ್ಟು ಓದಿದರೆ, ಕೂಸಿನ ಹಾಡುಗಳು ಮನೆಯ ಎಲ್ಲ ಹೆಂಗಸರಿಗೂ ಸಮನಾಗಿ ಇಂಪಾಗಿದ್ದುವೆಂಬ ಭ್ರಮೆ ಹುಟ್ಟುತ್ತದೆ.

ಜೋಗುಳ ಅಳಿದುಹೋಗುತ್ತಿದೆಯೆಂಬ ಕಳವಳವೂ ನಮ್ಮ ಬರಹಗಳಲ್ಲಿ ಪದೇಪದೇ ಕೇಳಿಬರುತ್ತದೆ. ಮಗುವಿನ ಊಟಕ್ಕೆ ಮೊಬೈಲಿನ ಪರದೆ ಜೊತೆಯಾದದ್ದನ್ನು ಕಂಡು ತಾಯಂದಿರನ್ನು ದೂರುವುದು ಸುಲಭ. ಆದರೆ ಹಾಡು ಕೆಲಸದ ಉಪಕರಣವಾಗಿತ್ತೆಂಬುದನ್ನು ಒಪ್ಪಿದರೆ, ಕೆಲಸದ ಏರ್ಪಾಡು ಬದಲಾದಾಗ ಉಪಕರಣವೂ ಬದಲಾಗುವುದು ಅರ್ಥವಾಗುತ್ತದೆ. ಗಿರಣಿ ಬಂದಾಗ ಬೀಸುವ ಪದ ನಿಂತಿತು. ಅದಕ್ಕಾಗಿ ನಾವು ಯಾರನ್ನೂ ದೂರಲಿಲ್ಲ. ಇದಲ್ಲದೆ ಕೂಸಿನ ಪಾಲನೆ ಮನೆಯ ಹೊರಗೂ ಹಂಚಿಕೆಯಾಗಿದೆ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಅಭಿನಯ ಗೀತೆಗಳ ಹೊಸ ಪರಂಪರೆಯೊಂದು ಬೆಳೆದಿದೆ. 2023ರಲ್ಲಿ ಕರ್ನಾಟಕ ಸರ್ಕಾರವು ಉದ್ಯೋಗ ಖಾತರಿ ಯೋಜನೆಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯ ಹಿಂದಿದ್ದ ಸಮಸ್ಯೆಯೇ ಈ ಯೋಜನೆಯ ಹಿಂದೆಯೂ ಇದೆ. ಅಂತಹ ಕೇಂದ್ರಗಳಲ್ಲಿ ಕೂಸನ್ನು ಮಲಗಿಸುವವರು ಏನನ್ನು ಹಾಡುತ್ತಾರೆ ಎಂಬುದು ಇಂದಿನ ಜಾನಪದ ಸಂಶೋಧಕರು ಎತ್ತಿಕೊಳ್ಳಬೇಕಾದ ಪ್ರಶ್ನೆ.

ಕೊನೆಯದಾಗಿ ಸಂಗ್ರಹವಿಧಾನದ ಬಗೆಗೆ ಕೆಲವು ಸೂಚನೆಗಳು. ಎಳೆಮಕ್ಕಳ ಸಾಹಿತ್ಯವನ್ನು ಪ್ರಕಾರದ ಬದಲು ದಿನದ ಕ್ರಮದಲ್ಲಿ ಸಂಗ್ರಹಿಸಬೇಕು: ಬೆಳಗಿನ ಎರೆಯುವಿಕೆಯಿಂದ ರಾತ್ರಿಯ ನಿದ್ದೆಯವರೆಗೆ. ಹಾಡಿದವರ ಹೆಸರು, ವಯಸ್ಸಿನೊಡನೆ, ಕೂಸಿಗೂ ಅವರಿಗೂ ಇರುವ ಸಂಬಂಧ, ಆ ಹೊತ್ತಿನಲ್ಲಿ ಕೈಯಲ್ಲಿದ್ದ ಇನ್ನೊಂದು ಕೆಲಸ ಇವನ್ನು ದಾಖಲಿಸಬೇಕು. ನಡುವಿನ ಮಾತು, ಗದರಿಕೆ, ಮೌನ, ಕೂಸಿನ ಅಳು ಇವು ಪಠ್ಯದ ಭಾಗವೆಂದೇ ಮುದ್ರಣವಾಗಬೇಕು. ಅರ್ಧಕ್ಕೆ ನಿಂತ ಹಾಡನ್ನು ಅರ್ಧಕ್ಕೇ ಬಿಡಬೇಕು. ನಮ್ಮ ಗ್ರಂಥಾಲಯಗಳ ಕಪಾಟುಗಳಲ್ಲಿ ಪೂರ್ಣಗೊಂಡ ಜೋಗುಳಗಳು ಸಾಕಷ್ಟಿವೆ. ಕೂಸು ಮಲಗಿದ್ದರಿಂದ ನಿಂತುಹೋದ ಜೋಗುಳಗಳು ಇನ್ನಾದರೂ ಅಲ್ಲಿ ಸ್ಥಾನ ಪಡೆಯಬೇಕು. ವಿಜಯಪುರದ ಆ ಹಿರಿಯರು ತುಟಿಯ ಮೇಲಿಟ್ಟ ಬೆರಳಿನ ಅರ್ಥ ನನಗೆ ಅಂದು ತಿಳಿದಿದ್ದರೆ, ಮರುದಿನ ನಾನು ಮತ್ತೆ ಅವರ ಬಾಗಿಲಿಗೆ ಹೋಗುತ್ತಿರಲಿಲ್ಲ.